ಬಾಗಿಲಿಲ್ಲದ ಗಾಡಿ

ಮದುವೆಯಾಗಿ ಎರಡು ವಾರ ಕಳೆದಿರಲಿಲ್ಲ, ನನ್ನ ಗಂಡ ಮರುಭೂಮಿಗೆ ಹೊರಟುಹೋದರು. ಮುನಿಸಿಕೊಂಡು ಹೋದದ್ದಲ್ಲ, ಕೆಲಸಕ್ಕೆ ಹೋದದ್ದು. ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಅವರು ಕಲ್ಲು ಕೊರೆಯುವ ಯಂತ್ರ ನಡೆಸುತ್ತಿದ್ದರು. ರಾಜಸ್ಥಾನದಲ್ಲೆಲ್ಲೋ ನೆಲ ಕೊರೆದು ನೀರು ಹುಡುಕುವ ಸರ್ಕಾರದ ಶಿಬಿರವೊಂದಕ್ಕೆ ಕೈ ಪಳಗಿದ ಜನ ಬೇಕಾಗಿದ್ದರು. ಚಿನ್ನಕ್ಕಾಗಿ ಪಾತಾಳ ಕೊರೆದವನಿಗೆ ನೀರೇನು ದೊಡ್ಡದು ಅಂದುಕೊಂಡು ಇವರು ಒಪ್ಪಿಕೊಂಡುಬಿಟ್ಟರು. ಹೆಂಡತಿಯನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಕೇಳಿದ್ದರೂ ನಾನು ತಲೆ ಬಗ್ಗಿಸಿ ಹೂಂ ಅನ್ನುತ್ತಿದ್ದೆ. ಅರವತ್ತರ ದಶಕದ ಹೊಸ ಸೊಸೆಗೆ ಗೊತ್ತಿದ್ದ ಉತ್ತರ ಅದೊಂದೇ.

ಬಂಗಾರಪೇಟೆಯ ಮನೆಯಲ್ಲಿ ಉಳಿದವರು ಅತ್ತೆ, ಮಾವ ಮತ್ತು ನಾನು. ಮಾವ ಗಣಿಯ ಮೋಟಾರ್ ಷೆಡ್ಡಿನಲ್ಲಿ ಫಿಟ್ಟರಾಗಿದ್ದು ಆ ವರ್ಷವಷ್ಟೇ ನಿವೃತ್ತರಾಗಿದ್ದರು. ಬೆಳಗಿನ ರೈಲು ಹಿಡಿದು ಗಣಿಗೆ ಹೋಗಿ ರೂಢಿಯಾಗಿದ್ದ ಮನುಷ್ಯ, ಈಗ ಹೋಗಲು ಎಡೆಯಿಲ್ಲದೆ ಮನೆಯಲ್ಲಿ ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚುತ್ತಿದ್ದರು. ಒಂದು ದಿನ ಬಾವಿಯ ರಾಟೆ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಕೂಡಿಸಿದಾಗ ಒಂದು ಬೋಲ್ಟು ಮಿಕ್ಕಿತು. "ಇದು ಬೇಕಾಗೇ ಇರ್ಲಿಲ್ಲ, ಸುಮ್ನೆ ಆಕಿದ್ರು" ಅಂದರು. ಮಾರನೇ ಬೆಳಿಗ್ಗೆ ಕೊಡ, ಹಗ್ಗ, ರಾಟೆ ಎಲ್ಲ ಒಟ್ಟಿಗೇ ಬಾವಿಗೆ ಬಿದ್ದವು.

ಅಂಥ ಹೊತ್ತಿನಲ್ಲಿ ಮರುಭೂಮಿಯಿಂದ ಕಾಗದ ಬಂತು. ಅತ್ತೆಗೆ ಓದು ಬರುತ್ತಿರಲಿಲ್ಲ. ಮಾವನ ಕನ್ನಡಕ ಅವರೇ ರಿಪೇರಿ ಮಾಡಿದ್ದರಿಂದ ಒಡೆದಿತ್ತು. ಹಾಗಾಗಿ ನಾನೇ ಗಟ್ಟಿಯಾಗಿ ಓದಿದೆ. ಶಿಬಿರದ ಗಾಡಿಗಳೆಲ್ಲ ಕೆಟ್ಟು ಕೂತಿವೆ, ರಿಪೇರಿ ಬಲ್ಲವರು ಇಲ್ಲಿಲ್ಲ. ಅಪ್ಪ ಒಂದು ಗಟ್ಟಿಮುಟ್ಟಾದ ಗಾಡಿ ಹುಡುಕಿ ತಾವೇ ಓಡಿಸಿಕೊಂಡು ಬಂದರೆ ಸಾಹೇಬರು ಗಾಡಿಯನ್ನೂ ಇಟ್ಟುಕೊಳ್ಳುತ್ತಾರೆ, ಅಪ್ಪನನ್ನೂ ಇಟ್ಟುಕೊಳ್ಳುತ್ತಾರೆ. ಮರಳಲ್ಲಿ ಓಡುವ ಗಾಡಿ ಆಗಿರಬೇಕು. ಕೊನೆಗೆ ಇನ್ನೊಂದು ಸಾಲು. ಸಂಸಾರದವರಿಗೆ ಇಲ್ಲಿ ಡೇರೆ ಕೊಡುತ್ತಾರೆ, ಮನೆಯವರು ಯಾರಾದರೂ ಬರುವುದಾದರೆ ಕರೆದುಕೊಂಡು ಬನ್ನಿ.

"ಕೊನೇದು ಇನ್ನೊಂದ್ಸಲ ಓದಮ್ಮಿ" ಅಂದರು ಅತ್ತೆ. ಓದಿದೆ. ಅತ್ತೆಯ ಮುಖ ಅರಳಿತು. ನನ್ನದೂ ಅರಳಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಫಕ್ಕನೆ ಬೇರೆ ಕಡೆಗೆ ತಿರುಗಿಕೊಂಡೆವು. ಅತ್ತೆಗೆ ಒಬ್ಬನೇ ಮಗ. ನನಗೂ ಒಬ್ಬರೇ ಗಂಡ. ಆ ಗಾಡಿಯಲ್ಲಿ ನನಗೆ ಜಾಗ ಸಿಗುತ್ತದೋ ಇಲ್ಲವೋ ಅನ್ನುವ ಒಂದೇ ಯೋಚನೆ ಅಂದಿನಿಂದ ನನ್ನ ತಲೆಯೊಳಗೆ ಸೇರಿಕೊಂಡಿತು. ಮಾವನಿಗಂತೂ ಇಪ್ಪತ್ತು ವರ್ಷ ವಯಸ್ಸು ಇಳಿದಂತಾಗಿ, ಅವತ್ತೇ ಗಡ್ಡ ಬೋಳಿಸಿಕೊಂಡು ಗಾಡಿ ಹುಡುಕಲು ಹೊರಟರು.

ಆದರೆ ಒಂದು ತೊಡಕಿತ್ತು. ಜ್ಯೇಷ್ಠ ನಡೆಯುತ್ತಿತ್ತು, ಹಿಂದೆಯೇ ಆಷಾಢ. ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ತವರಿಗೆ ಹೋಗಬೇಕು, ಗಂಡನ ಮುಖ ನೋಡಬಾರದು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನಮ್ಮ ಕಡೆ ಇದನ್ನು ಮೀರಿದವರನ್ನು ನಾನು ಕಂಡಿಲ್ಲ. ಮಾವ ಅತ್ತೆಯ ಮುಂದೆ ಕೂತು ವಾದ ಹೂಡಿದರು.

"ಲೇ ಇವ್ಳೇ, ಇಲ್ಲಿಂದ ಅಲ್ಲೀಗಂಟ ಓಗೋಕೆ ಎಷ್ಟು ದಿನ ಬೇಕು ಅಂದ್ಕೊಂಡೆ? ದಾರೀಲೇ ಆಸಾಡ ಕಳ್ದೋಯ್ತದೆ. ಸ್ರಾವಣ ಉಟ್ಟಿದ್ಮೇಲೆ ತಾನೇ ಅವನ ಮುಖ ನೋಡೋದು?"

ಅತ್ತೆ ತೊಗರಿಬೇಳೆ ಆರಿಸುತ್ತಲೇ ಯೋಚಿಸಿದರು. ಅವರಿಗೆ ಮಗನನ್ನು ನೋಡುವ ಆಸೆ ಎಷ್ಟಿತ್ತೆಂದರೆ ಶಾಸ್ತ್ರದಲ್ಲಿ ಸಂದು ಹುಡುಕಲು ಅವರೂ ತಯಾರಾಗಿದ್ದರು. "ಅಂಗಾದ್ರೆ ಎರಡು ಮಾತು ಕೇಳಿಸ್ಕೊಳ್ಳಿ. ಜೋರಾಗಿ ಓಡೋ ಗಾಡಿ ನಂಗೆ ಬ್ಯಾಡ. ನಿಧಾನಕ್ಕೆ ಓಗ್ಬೇಕು. ಇನ್ನೊಂದು, ಅದಕ್ಕೆ ಒಸ್ಲು ಇರಬಾರ್ದು."

"ಗಾಡಿಗೆಲ್ಲಿ ಒಸ್ಲು?" ಅಂದರು ಮಾವ.

"ಅದೆಲ್ಲ ನಾನ್ ನೋಡ್ತೀನಿ" ಅಂದರು ಅತ್ತೆ.

ಲೋಕದಲ್ಲಿ ಗಾಡಿ ಕೊಳ್ಳುವವರೆಲ್ಲ ಜೋರಾಗಿ ಓಡುವುದನ್ನು ಹುಡುಕಿದರೆ ನಮ್ಮ ಮನೆಯಲ್ಲಿ ನಿಧಾನವಾದದ್ದರ ಹುಡುಕಾಟ ಶುರುವಾಯಿತು. ನನಗೆ ಮಾತ್ರ ಒಳಗೊಳಗೇ ವಿಮಾನವೇ ಸಿಕ್ಕರೆ ಒಳ್ಳೆಯದು ಅನ್ನಿಸುತ್ತಿತ್ತು.

ಮಾವನಿಗೆ ಜೊತೆಗಾರರೊಬ್ಬರಿದ್ದರು. ಉರಿಗಾಮಿನ ಗಣಿ ಕೆಲಸಗಾರರ ಲೈನಿನಲ್ಲಿ ಮನೆ. ಯುದ್ಧಕಾಲದಲ್ಲಿ ಬರ್ಮಾದ ಕೆಸರಿನಲ್ಲಿ ಲಾರಿ ಓಡಿಸಿ, ಆಮೇಲೆ ಗಣಿಯ ಲಾರಿ ಓಡಿಸಿದವರು. ಊರೆಲ್ಲ ಅವರನ್ನು ಮಿಲ್ಟ್ರಿ ಅಂತಲೇ ಕರೆಯುತ್ತಿತ್ತು. ನಮ್ಮ ಜೊತೆ ಕನ್ನಡ, ಗಾಡಿಯ ಜೊತೆ ತಮಿಳು, ಸಿಟ್ಟು ಬಂದರೆ ಹಿಂದಿ. ದಾರಿಯುದ್ದಕ್ಕೂ ಸ್ಟಿಯರಿಂಗಿಗೆ ಇನ್ನೊಂದು ಕೈ ಬೇಕಲ್ಲ, ಅವರು ಬರುವುದು ಮೊದಲೇ ತೀರ್ಮಾನವಾಗಿತ್ತು. ಅವರು ಮರುಭೂಮಿ ಕಂಡವರಲ್ಲ. ಆದರೂ, "ಕೆಸರು ಒಣಗಿದರೆ ಮರಳೇ ತಾನೆ ಅಣ್ಣೇ, ನಾನು ನೋಡದ್ದೇನು" ಅನ್ನುತ್ತಿದ್ದರು.

ಮರಳಲ್ಲಿ ಗಾಡಿ ಓಡುತ್ತದೋ ಇಲ್ಲವೋ ಪರೀಕ್ಷೆ ಮಾಡುವುದು ಹೇಗೆ ಅನ್ನುವ ಪ್ರಶ್ನೆಯೇ ನಮ್ಮವರಿಗೆ ಬರಲಿಲ್ಲ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರಿಗೆ ಮರಳೆಂದರೆ ಸೈನೈಡ್ ಗುಡ್ಡ. ಗಣಿಯಿಂದ ತಂದ ಕಲ್ಲನ್ನು ಪುಡಿಮಾಡಿ, ಸೈನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು, ಮಿಕ್ಕದ್ದನ್ನು ತಲೆಮಾರುಗಳ ಕಾಲ ಸುರಿದು ಸುರಿದು ಎದ್ದ ಬೂದುಬಿಳಿ ಗುಡ್ಡಗಳು ಅವು. ಹುಲ್ಲು ಹುಟ್ಟದು, ನೆರಳಿಲ್ಲ, ಗಾಳಿ ಬೀಸಿದರೆ ಊರಿಗೆ ಊರೇ ಕಣ್ಣು ಉಜ್ಜಿಕೊಳ್ಳಬೇಕು. ಇದಕ್ಕಿಂತ ಮರುಭೂಮಿ ಬೇರೆ ಇನ್ನೇನಿದ್ದೀತು? "ನಮ್ಮ ಗುಡ್ಡ ಅತ್ತಿದ ಗಾಡಿ ರಾಜಸ್ತಾನ ಏನು, ಅರಬ್ ದೇಸಾನೂ ದಾಟ್ತದೆ" ಎಂದು ಮಾವ ಸಾರಿದರು. ಗುಡ್ಡದ ಕಾವಲುಗಾರ ಅವರ ಹಳೇ ಪರಿಚಯ. ಅವನಿಗೆ ಒಂದು ಕಟ್ಟು ಬೀಡಿ ಕೊಟ್ಟರೆ ಸಾಕು, ಆಕಡೆ ತಿರುಗಿ ಕೂರುತ್ತಿದ್ದ.

ಮೊದಲು ಬಂದದ್ದು ಪಕ್ಕಕ್ಕೆ ತೊಟ್ಟಿಲಿದ್ದ ಮೋಟಾರ್ ಸೈಕಲ್ಲು. ಮಾವ ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನ ಜೀವ ಬಾಯಿಗೆ ಬಂತು. ಇಬ್ಬರು ಗಂಡಸರು ಸೀಟಿನ ಮೇಲೆ ಕೂತರೆ ತೊಟ್ಟಿಲಲ್ಲಿ ಒಬ್ಬರಿಗೆ ಮಾತ್ರ ಜಾಗ. ಅತ್ತೆ ಸೀರೆ ಎತ್ತಿಕೊಂಡು ಅದರೊಳಗೆ ಇಳಿದು ಕೂತರು. ಕೂತದ್ದು ಸಲೀಸಾಗಿ ಆಯಿತು, ಏಳುವುದೇ ಆಗಲಿಲ್ಲ. ಮಿಲ್ಟ್ರಿ ಒಂದು ಕೈ, ಮಾವ ಒಂದು ಕೈ ಹಿಡಿದೆಳೆದರು. "ಎಳೀಬೇಡ್ರೋ, ಬಿಚ್ರೋ!" ಎಂದು ಅತ್ತೆ ಕೂಗಿದರು. ಬಿಚ್ಚುವುದೆಂದರೆ ಮಾವನಿಗೆ ಹೇಳಬೇಕೆ, ತೊಟ್ಟಿಲನ್ನೇ ಸ್ಪ್ಯಾನರ್ ಹಾಕಿ ಬೇರ್ಪಡಿಸಿದರು. ಅದು ಅತ್ತೆಯನ್ನು ಹೊತ್ತುಕೊಂಡೇ ಪಕ್ಕಕ್ಕೆ ಉರುಳಿತು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಆ ನಗುವಿನಲ್ಲಿ ಅರ್ಧ ಸಮಾಧಾನವೂ ಇತ್ತು.

ಆಮೇಲೆ ದೇಶ ಬಿಟ್ಟು ಹೊರಟಿದ್ದ ಗಣಿಯ ದೊರೆಯೊಬ್ಬರ ಉದ್ದನೆಯ ಕಪ್ಪು ಕಾರು ಬಂತು. ಅದನ್ನು ಗುಡ್ಡದ ಬುಡಕ್ಕೆ ಒಯ್ದದ್ದೇ ತಡ, ಹೊಟ್ಟೆ ಊರಿ ಎಮ್ಮೆಯ ಹಾಗೆ ಕೂತುಬಿಟ್ಟಿತು. ಸಂಜೆಯವರೆಗೆ ಅಗೆದರು. ಕೊನೆಗೆ ಉರಿಗಾಮಿನಿಂದ ಎತ್ತು ತಂದು ಎಳೆಸಬೇಕಾಯಿತು. ದೊರೆಯ ಬಟ್ಲರ್ ಬಂದು ಹೊಳೆಯುತ್ತಿದ್ದ ಕಾರು ಹಿಟ್ಟಿನ ಚೀಲದಂತಾದದ್ದನ್ನು ನೋಡಿ ಕಣ್ಣೀರು ಹಾಕಿದ. ಮಾವ ಅವನಿಗೂ ಒಂದು ಕಟ್ಟು ಬೀಡಿ ಕೊಟ್ಟರು.

ಮೂರನೆಯದಕ್ಕೆ ನಾನು ಮನಸೋತೆ. ಆಂಡರ್ಸನ್‌ಪೇಟೆಯ ಬೇಕರಿಯೊಂದರ ಹಳೇ ಬ್ರೆಡ್ ವ್ಯಾನು ಅದು. ಒಳಗೆ ಹಾಯಾಗಿ ಕಾಲು ಚಾಚಿ ಮಲಗಬಹುದು, ಸ್ಟೌ ಇಟ್ಟು ಅಡುಗೆ ಮಾಡಬಹುದು, ನಾಲ್ವರೂ ಹೋಗಬಹುದು. ಒಳಗೆಲ್ಲ ಬೆಣ್ಣೆ ಬನ್ನಿನ ಘಮ. ಗುಡ್ಡವನ್ನು ಅರ್ಧದವರೆಗೆ ಹತ್ತಿ ಇಳಿಯಿತು ಕೂಡ. ಮಿಲ್ಟ್ರಿ ಅದರ ಮೂತಿ ತಟ್ಟಿ, "ಸಿಂಗಂ ಅಣ್ಣೇ, ಸಿಂಗಂ!" ಅಂದರು. ನಾನು ಮನಸ್ಸಿನಲ್ಲೇ ಚಾಪೆ ಯಾವ ಕಡೆ ಹಾಸುವುದು ಅಂತ ನಿರ್ಧರಿಸಿಯೂ ಆಗಿತ್ತು. ಅಷ್ಟರಲ್ಲಿ ಅತ್ತೆ ಹಿಂದಿನ ಬಾಗಿಲ ಹತ್ತಿರ ನಿಂತು ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಕೈಯಾಡಿಸಿದರು.

"ಇದೇನಯ್ಯ?"

"ಪಟ್ಟಿ ಅಕ್ಕಾ. ಬಾಗಿಲಿಗೆ ಸಪೋರ್ಟು" ಅಂದರು ಮಿಲ್ಟ್ರಿ.

"ಪಟ್ಟಿ ಅಂತೆ ಪಟ್ಟಿ! ಒಸ್ಲು ಕಣಯ್ಯ ಇದು. ಬಾಗ್ಲು ಐತೆ, ಸೂರು ಐತೆ, ಒಳಗೇ ಉಣ್ತೀವಿ, ಒಳಗೇ ಮಲಗ್ತೀವಿ. ಮನೆ ಅಲ್ದೆ ಇನ್ನೇನು?"

ಮಾವ ತಲೆ ಮೇಲೆ ಕೈ ಹೊತ್ತು ಕೂತರು. ಮಿಲ್ಟ್ರಿ ಸೋಲಲಿಲ್ಲ. "ಅಕ್ಕಾ, ನೀವು ಹಿಂದಿನ ಬಾಗಿಲು. ಪಾಪ ಮುಂದಿನ ಬಾಗಿಲು. ಬೇರೆ ಬೇರೆ ಒಸ್ಲು ಆಯ್ತಲ್ಲ" ಎಂದು ನನ್ನ ಕಡೆ ತೋರಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನೆಲ್ಲ ಅವರು ಪಾಪ ಅಂತಲೇ ಕರೆಯುತ್ತಿದ್ದದ್ದು. ಅತ್ತೆ ಇದನ್ನು ನಿಜವಾಗಿಯೂ ಯೋಚಿಸಿದರು. ನಾನು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಅತ್ತೆ ವ್ಯಾನನ್ನು ಒಂದು ಸುತ್ತು ಹಾಕಿ ಬಂದು, "ಬಾಗ್ಲು ಎರಡಾದ್ರೂ ಸೂರು ಒಂದೇ. ಬ್ಯಾಡ" ಅಂದರು. ಬನ್ನಿನ ಘಮದ ಗಾಡಿ ಆಂಡರ್ಸನ್‌ಪೇಟೆಗೆ ವಾಪಸ್ ಹೋಯಿತು.

ಜೀಪು ಸಿಕ್ಕಿದ್ದು ನಮ್ಮ ಬಂಗಾರಪೇಟೆಯಲ್ಲೇ, ಹುಣಿಸೆಹಣ್ಣಿನ ವ್ಯಾಪಾರಿಯೊಬ್ಬರ ಮಂಡಿಯ ಹಿಂದೆ. ಮಿಲಿಟರಿ ಹರಾಜಿನಲ್ಲಿ ಕೊಂಡದ್ದಂತೆ. ಮೇಲೊಂದು ಕಿತ್ತುಹೋದ ಟಾರ್ಪಾಲು, ಸೀಟಿನ ಮೇಲೆ ಹುಣಿಸೆಯ ಜಿಡ್ಡು. ಅತ್ತೆ ಅದನ್ನು ನೋಡಿದವರೇ, "ಅಯ್ಯೋ, ಇದಕ್ಕೆ ಬಾಗ್ಲೇ ಇಲ್ವಲ್ಲ!" ಎಂದು ಕೂಗಿದರು.

ವ್ಯಾಪಾರಿ ಇದನ್ನು ದೂರು ಅಂದುಕೊಂಡರು. "ಬೇಕಾದ್ರೆ ಆಕಿಸಿಕೊಡ್ತೀನಿ ತಾಯಿ."

"ಆಕಿಸಿದ್ರೆ ನೋಡು!" ಅಂದರು ಅತ್ತೆ. "ಓಡೋದೆಂಗೆ?"

"ಸುಳ್ಳು ಯಾಕೆ ಏಳ್ಲಿ ತಾಯಿ, ಸ್ವಲ್ಪ ನಿಧಾನ."

"ಬೋ ಸಂತೋಸ" ಅಂದರು ಅತ್ತೆ. ತಮ್ಮ ಗಾಡಿಯ ದೋಷಗಳನ್ನೆಲ್ಲ ಕೇಳಿ ಇಷ್ಟೊಂದು ಖುಷಿಪಡುವ ಗಿರಾಕಿಯನ್ನು ಆ ವ್ಯಾಪಾರಿ ಜನ್ಮದಲ್ಲಿ ನೋಡಿರಲಿಲ್ಲವೇನೋ. ಪಾಪ, ಇನ್ನೂ ಎರಡು ದೋಷ ನೆನಪು ಮಾಡಿಕೊಂಡು ಹೇಳಿದರು.

ಈ ಸಲ ಪರೀಕ್ಷೆ ಪಕ್ಕಾ ಆಗಬೇಕು ಅಂತ ಮಾವ ಹಟ ಹಿಡಿದರು. ದಾರಿಯಲ್ಲಿ ಎಷ್ಟು ಭಾರ ಇರುತ್ತದೋ ಅಷ್ಟೂ ಭಾರ ಹೇರಿ ಗುಡ್ಡ ಹತ್ತಿಸಬೇಕು. ನೀರಿನ ಡ್ರಮ್ಮು, ಪೆಟ್ರೋಲ್ ಡಬ್ಬಗಳು, ರಾಗಿ ಮೂಟೆ, ಸ್ಟೌ, ಹಾಸಿಗೆ ಸುರುಳಿ, ಮಾವನ ಸ್ಪ್ಯಾನರ್ ಪೆಟ್ಟಿಗೆ. ಅದರ ಮೇಲೆ ಅತ್ತೆ ಮತ್ತು ನಾನು. ಅತ್ತೆ ಚಿತ್ರಾನ್ನದ ಬುತ್ತಿ ಬೇರೆ ಕಟ್ಟಿಕೊಂಡಿದ್ದರು. "ಕೈ ತೊಳೀದೆ ತುತ್ತು ಮುಟ್ಟೀರಾ, ಸೈನೈಡು!" ಎಂದು ದಾರಿಯುದ್ದಕ್ಕೂ ಎಚ್ಚರಿಸಿದರು. ನಂದಿದುರ್ಗದ ಲೈನ್ ಮನೆಗಳ ಮುಂದೆ ಹಾದುಹೋಗುವಾಗ ಜನ ಆಚೆ ಬಂದು ನೋಡಿದರು. ಗಾಳಿಗೆ ನನ್ನ ಸೆರಗು ಹಾರುತ್ತಿತ್ತು. ಅತ್ತೆ ಅದನ್ನು ಹಿಡಿದು ಹಿಡಿದು ನನ್ನ ತಲೆಯ ಮೇಲೆ ಹಾಕುತ್ತಿದ್ದರು, ಅದು ಮತ್ತೆ ಹಾರುತ್ತಿತ್ತು, ಕೊನೆಗೆ ಅವರೇ ನಗಲು ಶುರುಮಾಡಿದರು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅವತ್ತೇ ಮೊದಲು.

ಮಿಲ್ಟ್ರಿ ಗೇರು ಹಾಕಿ, ತಮಿಳಿನಲ್ಲಿ ಜೀಪಿನ ಕಿವಿಯಲ್ಲಿ ಏನೋ ಹೇಳಿ, ಗುಡ್ಡಕ್ಕೆ ನುಗ್ಗಿಸಿದರು. ಗಾಡಿ ಗುರುಗುಟ್ಟಿಕೊಂಡು ಒಂದು ಆಳೆತ್ತರ ಹತ್ತಿತು. ಆಮೇಲೆ ಚಕ್ರ ಗಿರ್ರನೆ ತಿರುಗಿ, ಬಿಳೀ ದೂಳು ಎದ್ದು, ಹಿಂದಕ್ಕೆ ಜಾರಿತು. ಟೈರಿನ ಗಾಳಿ ಇಳಿಸಿದರು. ಮತ್ತೆ ಜಾರಿತು. ಗೋಣಿಚೀಲ ಹಾಸಿದರು. ಚೀಲ ಹಿಂದಕ್ಕೆ ಹಾರಿ ಕಾವಲುಗಾರನ ಮುಖಕ್ಕೆ ಬಡಿಯಿತು. ಅತ್ತೆ ಬುತ್ತಿಯನ್ನು ನನ್ನ ಮಡಿಲಿಗೆ ಹಾಕಿ, "ತಾಳಿ, ನಾನ್ ಇಳೀತೀನಿ" ಎಂದು ಇಳಿದರು. ಮಿಲ್ಟ್ರಿ ಮತ್ತೆ ಗೇರು ಹಾಕಿದರು.

ಜೀಪು ಹತ್ತಿತು! ನರಳುತ್ತ, ವಾಲುತ್ತ, ಹುಣಿಸೆಯ ಹುಳಿ ವಾಸನೆ ಬಿಡುತ್ತ, ನೆತ್ತಿಯವರೆಗೆ ಹತ್ತಿಬಿಟ್ಟಿತು. ಮೇಲಿನಿಂದ ಇಡೀ ಕೆಜಿಎಫ್ ಕಂಡಿತು, ಗಣಿ ಬಾಯಿಗಳ ಮೇಲಿನ ದೊಡ್ಡ ಗಾಲಿಗಳು, ಹೊಗೆ, ಸಾಲುಮನೆಗಳ ತಗಡು ಸೂರು. ಮಾವ ಟೋಪಿ ಎಸೆದರು. ಮಿಲ್ಟ್ರಿ ಮಾವನನ್ನೇ ಎತ್ತಿ ಒಂದು ಸುತ್ತು ತಿರುಗಿಸಿದರು. ನಾನು ಹೊಸ ಸೊಸೆ ಅನ್ನುವುದು ಮರೆತು ಹೋ ಎಂದು ಕಿರುಚಿಕೊಂಡೆ. ಆಮೇಲೆ ಹಿಂದಿರುಗಿ ನೋಡಿದೆ. ಕೆಳಗೆ ಅತ್ತೆ ಒಬ್ಬರೇ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ನಿಂತು, ಹಣೆಗೆ ಕೈ ಅಡ್ಡಹಿಡಿದು ನಮ್ಮನ್ನೇ ನೋಡುತ್ತಿದ್ದರು.

ಚಿತ್ರಾನ್ನ ತಿನ್ನುವಾಗ ಮಿಲ್ಟ್ರಿಯೇ ಆ ಮಾತು ಎತ್ತಿದರು. "ಅಣ್ಣೇ, ಲೇಡೀಸ್ ಒಬ್ಬರು ಬರಬಹುದು. ಇಬ್ಬರು ಆಗಲ್ಲ. ಮರಳು ಒಪ್ಪಲ್ಲ."

ಒಬ್ಬರಿಗೆ ಜಾಗ ಅಂದರೆ ಅದು ಅತ್ತೆಗೇ. ಹೆತ್ತ ತಾಯಿ, ಮನೆಯ ಯಜಮಾನಿ. ಮೇಲಾಗಿ ನನಗೆ ಆಷಾಢ, ಅವರಿಗೇನೂ ಇಲ್ಲ. ನಾನು ತಲೆ ಬಗ್ಗಿಸಿ ಹೂಂ ಅಂದೆ. ಗುಡ್ಡದ ಮೇಲೆ ಕಿರುಚಿಕೊಂಡ ಬಾಯಿ ಇದೇನಾ ಅನ್ನಿಸಿತು.

ಮುಂದಿನ ಒಂದು ವಾರ ನಾನು ಮನೆಯಲ್ಲಿ ಮೋರೆ ಊದಿಸಿಕೊಂಡು ಓಡಾಡಿದೆ. ಅತ್ತೆ ಮಗನಿಗೆ ನಿಪ್ಪಟ್ಟು ಕರಿದರು, ಹುರಿಹಿಟ್ಟು ಮಾಡಿದರು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿದರು. ಖಾರ ಕುಟ್ಟಲು ನನಗೆ ಹೇಳಿದರು. ಮೆಣಸಿನಕಾಯಿ ಮಾಡಿದ ತಪ್ಪೇನೋ ಗೊತ್ತಿಲ್ಲ, ಅದನ್ನು ನಾನು ಕುಟ್ಟಿದ ಕುಟ್ಟಿಗೆ ಪಕ್ಕದ ಮನೆಯವರೂ ಸೀನಿದರು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಅತ್ತೆಯ ಮೇಲೆ, ಮರಳಿನ ಮೇಲೆ, ಆಷಾಢದ ಮೇಲೆ. ಅತ್ತೆ ಟ್ರಂಕಿಗೆ ಸೀರೆ ತುಂಬುವುದು ಕಂಡರೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

ಆಷಾಢಕ್ಕೆ ಹಿಂದಿನ ದಿನ ನಮ್ಮಪ್ಪ ನನ್ನನ್ನು ಕರೆದೊಯ್ಯಲು ಎತ್ತಿನ ಗಾಡಿ ಕಟ್ಟಿಕೊಂಡು ಹಳ್ಳಿಯಿಂದ ಬಂದರು. ನಾನು ಗಂಟು ಕಟ್ಟಿಟ್ಟು, ಅತ್ತು ಕೆಂಪಾದ ಕಣ್ಣಿಗೆ ನೀರು ಹಾಕಿಕೊಂಡು ನಡುಮನೆಗೆ ಬಂದೆ. ಅತ್ತೆ ಅಪ್ಪನ ಮುಂದೆ ಕಾಫಿ ಇಟ್ಟು ಹೇಳಿದರು:

"ಬೀಗರೇ, ಕಾಫಿ ಕುಡ್ದು ಓಗಿ. ನಿಮ್ಮ ಮಗಳು ಈ ಆಸಾಡಕ್ಕೆ ನಿಮ್ಮನೆಗೆ ಬರಾಕಿಲ್ಲ. ಜೀಪಿಗೆ ಓಗ್ತಾಳೆ."

ಅಪ್ಪ ಲೋಟ ಹಿಡಿದುಕೊಂಡು ಹಾಗೇ ಕೂತರು. ಅತ್ತೆ ಟ್ರಂಕಿನ ಮುಚ್ಚಳ ತೆಗೆದರು. ಅದರಲ್ಲಿದ್ದವೆಲ್ಲ ನನ್ನ ಸೀರೆಗಳೇ. ಸಿಟ್ಟಿನಲ್ಲಿ ಆಚೆ ತಿರುಗಿ ನಿಂತಿದ್ದವಳಿಗೆ ಅದು ಕಾಣಬೇಕಾದರೂ ಹೇಗೆ?

"ನೀವು ಅತ್ತೆಮ್ಮ?" ಅಂದೆ.

"ಅತ್ತೆ ಸೊಸೆ ಆಸಾಡ್ದಾಗೆ ಒಂದ್ಕಡೆ ಇರಬಾರ್ದು ತಾನೇ? ನೀನು ಗಾಡೀಲಿರು, ನಾನು ಮನೇಲಿರ್ತೀನಿ. ಎಲ್ಲಾ ಸರಿಯಾಗೇ ಐತಲ್ಲ."

"ಮಗನ್ನ ನೋಡೋದು ಬ್ಯಾಡ್ವಾ ನಿಮಗೆ?"

ಅತ್ತೆ ಟ್ರಂಕಿನ ಚಿಲಕ ಹಾಕಿದರು. "ನಾನು ಅವನ್ನ ಉಟ್ಟಿದಾಗಿಂದ ನೋಡೀನಿ ಕಣಮ್ಮಿ. ನೀನಿನ್ನೂ ಮುಖಾನೇ ಸರಿಯಾಗಿ ನೋಡಿಲ್ಲ. ಓಗು, ನೋಡ್ಕ."

ಅದು ನಿಜ. ಮದುವೆಯಲ್ಲಿ ತಲೆ ತಗ್ಗಿಸಿದವಳು ಅವರು ರೈಲು ಹತ್ತುವವರೆಗೂ ಎತ್ತಿರಲಿಲ್ಲ. ಅವರ ಪಾದ ಚೆನ್ನಾಗಿ ಗೊತ್ತಿತ್ತು, ಕೈ ಗೊತ್ತಿತ್ತು, ಅಂಗಿಯ ಗುಂಡಿಗಳೂ ಗೊತ್ತಿದ್ದವು. ಮುಖವನ್ನು ನೆನೆಸಿಕೊಳ್ಳಲು ಹೋದರೆ ಏನೂ ಬರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಗೆ ಗೊತ್ತಾಯಿತೋ! ನಾನು ಅವರನ್ನು ತಬ್ಬಿಕೊಂಡೆ, ಅಪ್ಪನ ಮುಂದೆಯೇ. "ಬಿಡಮ್ಮಿ, ಇಟ್ಟು ಸೀದೋಯ್ತದೆ" ಎಂದು ಅವರು ಬಿಡಿಸಿಕೊಂಡು ಒಳಗೆ ಹೋದರು.

ಮಾರನೇ ಬೆಳಿಗ್ಗೆ ಹೊರಟೆವು. ಆಷಾಢ ಹುಟ್ಟಿತ್ತಲ್ಲ, ನಾನು ಮುಂಬಾಗಿಲ ಹೊಸಿಲು ದಾಟಿ ಬಂದರೆ ಅತ್ತೆ ಹಿತ್ತಲ ಬಾಗಿಲಿಂದ ಇಳಿದು, ಪಕ್ಕದ ಸಂದಿಯಲ್ಲಿ ಸುತ್ತಿಕೊಂಡು ಬೀದಿಗೆ ಬಂದರು. ಜೀಪಿಗೆ ದೃಷ್ಟಿ ತೆಗೆದರು. "ನಿಧಾನ ಓಗ್ರೀ" ಎಂದು ಮಾವನಿಗೂ ಮಿಲ್ಟ್ರಿಗೂ ಬೇರೆ ಬೇರೆಯಾಗಿ ಹೇಳಿದರು. ಬೀದಿಯ ತಿರುವಿನವರೆಗೂ ನಾನು ಹಿಂದಕ್ಕೆ ತಿರುಗಿ ಕೈ ಬೀಸುತ್ತಲೇ ಇದ್ದೆ.

ದಾರಿಯ ಕತೆ ಹೇಳಹೊರಟರೆ ಬೆಳಗಾಗುತ್ತದೆ. ಹುಬ್ಬಳ್ಳಿಯಲ್ಲಿ ರೇಡಿಯೇಟರು ಸೋರಿತು, ಪುಣೆಯಲ್ಲಿ ಮಳೆಗೆ ಟಾರ್ಪಾಲು ಹಾರಿತು, ಅಹಮದಾಬಾದಿನ ಹತ್ತಿರ ಮಾವ ಸುಮ್ಮನಿರಲಾರದೆ ಚೆನ್ನಾಗಿದ್ದ ಕಾರ್ಬುರೇಟರನ್ನು ಬಿಚ್ಚಿದರು. ಇಷ್ಟೆಲ್ಲ ಆದರೂ ಆ ಹಾಳು ಜೀಪು ಲೆಕ್ಕಕ್ಕಿಂತ ಬೇಗ ಓಡಿಬಿಟ್ಟಿತ್ತು. ಶಿಬಿರಕ್ಕೆ ಇನ್ನು ಅರ್ಧ ದಿನದ ದಾರಿ ಅನ್ನುವಾಗ ಮಾವ ಒಂದು ಸಣ್ಣ ಊರಿನ ಧರ್ಮಶಾಲೆಯ ಮುಂದೆ ಬ್ರೇಕು ಒತ್ತಿದರು. "ಆಸಾಡ ಇನ್ನೂ ಮುಗಿದಿಲ್ಲ. ನಿಮ್ಮತ್ತೆಗೆ ಮಾತು ಕೊಟ್ಟೀನಿ" ಅಂದರು. ಬೆಟ್ಟ ಬಯಲು ದಾಟಿ ಬಂದವಳನ್ನು ಗಂಡನ ಹೊಸಿಲಲ್ಲೇ ಕೂರಿಸಿದಂತಾಯಿತು. ನನಗೆ ಜೀಪಿನ ಚಕ್ರಕ್ಕೆ ಒದೆಯುವಷ್ಟು ರೋಷ ಬಂತು. ಒದ್ದೆ ಕೂಡ. ಕಾಲು ಊದಿತು.

ಕಾಲು ಕುಂಟುತ್ತ ನೀರಿಗೆ ಹೋದಾಗ ಬಾವಿಯ ಹತ್ತಿರದ ಮರಕ್ಕೆ ಹೆಂಗಸರು ಉಯ್ಯಾಲೆ ಕಟ್ಟಿ, ಹಾಡುತ್ತ ಜೀಕುತ್ತಿದ್ದರು. ಏನು ವಿಶೇಷ ಅಂತ ಕೇಳಿಸಲು ಮಿಲ್ಟ್ರಿಯನ್ನು ಕರೆತಂದೆ. ಅವರು ತಮ್ಮ ಸಿಟ್ಟಿನ ಹಿಂದಿಯಲ್ಲೇ ವಿಚಾರಿಸಿದರು. ಉತ್ತರ ಕೇಳಿ ಅವರ ಮೀಸೆ ಅಗಲವಾಯಿತು. "ಪಾಪಾ, ಇವರಿಗೆ ಶ್ರಾವಣ ಬಂದು ನಾಲ್ಕು ದಿನ ಆಯ್ತಂತೆ!" ನಮ್ಮ ಕಡೆ ಅಮಾವಾಸ್ಯೆಗೆ ತಿಂಗಳು ಮುಗಿದರೆ ಅವರ ಕಡೆ ಹುಣ್ಣಿಮೆಗೇ ಮುಗಿಯುತ್ತದಂತೆ. ಎರಡು ವಾರ ಮೊದಲೇ ಶ್ರಾವಣ! ನಾನು ಕೊಡ ಅಲ್ಲೇ ಬಿಟ್ಟು ಕುಂಟುಗಾಲಿನಲ್ಲೇ ಧರ್ಮಶಾಲೆಗೆ ಓಡಿದೆ.

ಮಾವ ತಲೆ ಕೆರೆದುಕೊಂಡರು, ಉಯ್ಯಾಲೆಯನ್ನು ಹೋಗಿ ಕಣ್ಣಾರೆ ನೋಡಿ ಬಂದರು. "ಯಾವೂರಲ್ಲಿ ಇರ್ತೀವೋ ಆ ಊರಿನ ತಿಂಗಳೇ ತಿಂಗಳು. ಗಾಡಿ ಏರಮ್ಮ" ಅಂದರು.

ಆಗ ಮಾವನೂ ಮಿಲ್ಟ್ರಿಯೂ ಟೈರಿನ ಗಾಳಿ ಇಳಿಸಿ, ಗೋಣಿಚೀಲ ಸಿದ್ಧಮಾಡಿಕೊಂಡು, ಅಂಗಿಯ ತೋಳು ಮಡಿಸಿ, ಮರಳಿನ ಮೇಲೆ ಯುದ್ಧಕ್ಕೆ ಹೊರಟರು. ಹೋದರು, ಹೋದರು. ಮರಳ ದಿಣ್ಣೆಗಳು ದೂರದಲ್ಲಿ ತಮ್ಮ ಪಾಡಿಗೆ ತಾವಿದ್ದವು. ದಾರಿ ಮಾತ್ರ ಗಟ್ಟಿ ಗರಸು, ಸಾರಿಸಿದ ಅಂಗಳದ ಹಾಗೆ. ಎಲ್ಲೋ ಒಂದೆರಡು ಕಡೆ ಮರಳು ಸಿಕ್ಕರೂ ಜೀಪು ಗಮನಿಸದೆಯೇ ದಾಟಿತು. ಗಣಿಯವರು ಹಿಟ್ಟಿನಂತೆ ಅರೆದು ಸುರಿದಿದ್ದ ನಮ್ಮ ಗುಡ್ಡದ ಮರಳಿಗೂ ದೇವರು ಮಾಡಿದ ಮರಳಿಗೂ ಸಂಬಂಧವೇ ಇರಲಿಲ್ಲ. ಒಬ್ಬರಲ್ಲ, ಇನ್ನಿಬ್ಬರು ಹೆಂಗಸರನ್ನು ಕೂರಿಸಿಕೊಂಡು ಬರಬಹುದಿತ್ತು. ಮೂವರಿಗೂ ಅದು ಹೊಳೆಯಿತು. ಮಾವ ಆಗಾಗ ಪಕ್ಕಕ್ಕೆ ಬಗ್ಗಿ ನೆಲ ನೋಡುತ್ತಿದ್ದರು, ಇನ್ನಾದರೂ ಮೆತ್ತಗಾಗಲಿ ಅನ್ನುವವರಂತೆ.

ಜೀಪಿನ ಸದ್ದಿಗೆ ನಮ್ಮವರು ಡೇರೆಯಿಂದ ಓಡಿ ಬಂದರು. ಬಂದವರೇ ನನ್ನನ್ನು ದಾಟಿ ಹಿಂದಕ್ಕೆ ಇಣುಕಿದರು. ಹಾಸಿಗೆ ಸುರುಳಿಯ ಆಚೆ ನೋಡಿದರು, ರಾಗಿ ಮೂಟೆಯ ಹಿಂದೆ ನೋಡಿದರು.

"ಅಮ್ಮ ಎಲ್ಲಿ?"

"ಮರಳು ಕಣಪ್ಪ..." ಎಂದು ಶುರುಮಾಡಿದ ಮಾವ, ಕಾಲ ಕೆಳಗಿನ ಗಟ್ಟಿ ನೆಲ ನೋಡಿ ಅಲ್ಲಿಗೇ ನಿಲ್ಲಿಸಿದರು. ಮಿಲ್ಟ್ರಿ ಏನೋ ನೆನಪಾದವರಂತೆ ಬಾನೆಟ್ಟು ಎತ್ತಿ ಅದರೊಳಗೆ ತಲೆ ಹುದುಗಿಸಿದರು.

ನಾನು ಅತ್ತೆ ಹೇಳಿದಂತೆ ತಲೆಯೆತ್ತಿ ಅವರ ಮುಖ ನೋಡಿದೆ. ಅದೇ ಅಗಲವಾದ ಹಣೆ, ತುದಿಯಲ್ಲಿ ತುಸು ಎಡಕ್ಕೆ ತಿರುಗಿದ ಅದೇ ಮೂಗು, ಬೇಸರವನ್ನು ನುಂಗುವಾಗ ಕೆಳತುಟಿ ಕಚ್ಚುವ ಅದೇ ರೀತಿ. ಅಷ್ಟು ದಿನವೂ ಒಲೆಯ ಮುಂದೆ ನನ್ನ ಎದುರಿಗೇ ಕೂತು ಬೇಳೆ ಆರಿಸುತ್ತಿದ್ದ ಮುಖ ಅದು. ನನಗೆ ತಡೆಯಲಾರದ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ.

"ದಸರಾಗೆ ಓಗಿ ಅತ್ತೆಮ್ಮನ್ನ ಕರ್ಕೊಂಡ್ ಬನ್ನಿ. ದಾರಿ ಗಟ್ಟಿಯಾಗೈತೆ, ಗಾಡೀಲಿ ಜಾಗಾನೂ ಐತೆ" ಅಂದೆ.

ನನ್ನ ಗಂಡನ ಜೊತೆ ನಾನಾಡಿದ ಮೊದಲ ಮಾತು ಅದು.